ಬುಧವಾರದ ಪಾತ್ರೆ

ಹಿಮಾಯತ್‌ನಗರದ ನಮ್ಮ ಗಲ್ಲಿಯ ತುದಿಯಲ್ಲಿ, ಕನ್ನಡಕದ ಅಂಗಡಿಗೂ ಇಸ್ತ್ರಿಯವನ ಬಂಡಿಗೂ ನಡುವೆ, ಒಂದು ಥಾಯ್ ಹೋಟೆಲು ಇದೆ. ಒಳಗೆ ಒಂಬತ್ತೇ ಮೇಜು. ಮಧ್ಯಾಹ್ನ ಒಂದು ಗಂಟೆಗೆ ಹೋದರೆ ಹೊರಗೆ ಬಿಸಿಲಲ್ಲಿ ನಿಲ್ಲಬೇಕು. ಬ್ಯಾಂಕಿನವರು, ಕಾಲೇಜಿನ ಹುಡುಗಿಯರು, ಬುರ್ಖಾ ತೊಟ್ಟ ಅತ್ತೆ-ಸೊಸೆಯರು, ಮೊಮ್ಮಕ್ಕಳನ್ನು ಕರೆತಂದ ಅಜ್ಜಂದಿರು, ಎಲ್ಲರೂ ನಿಲ್ಲುತ್ತಾರೆ. ಬಿರಿಯಾನಿಯ ಊರಿನಲ್ಲಿ ತೆಂಗಿನ ಹಾಲಿನ ಸಾರಿಗೆ ಜನ ಸಾಲುಗಟ್ಟುತ್ತಾರೆ ಎಂದರೆ ನಾನು ಮೊದಲು ನಂಬಿರಲಿಲ್ಲ. ಆಮೇಲೆ ಮೂರು ವರ್ಷ ನಾನೂ ಆ ಸಾಲಿನಲ್ಲಿ ನಿಂತೆ, ಪ್ರತಿ ಬುಧವಾರ, ಮನೆಯವರಿಗೆ ಯಾರಿಗೂ ಹೇಳದೆ.

ಹೇಳುವ ಹಾಗಿರಲಿಲ್ಲ. ನಮ್ಮಜ್ಜ ನಿಜಾಮರ ಕಾಲದಲ್ಲಿ ರಾಯಚೂರಿನ ಕಡೆಯಿಂದ ಸರಕಾರಿ ನೌಕರಿಗೆ ಬಂದವರು. ಮೂರು ತಲೆಮಾರು ಇಲ್ಲೇ ಕಳೆದಿದ್ದೇವೆ. ಬೀದಿಯಲ್ಲಿ ತೆಲುಗು, ಬಜಾರಿನಲ್ಲಿ ಹಿಂದಿ, ಮನೆಯಲ್ಲಿ ಕನ್ನಡ. ಮಡಿ-ಮೈಲಿಗೆಗೆ ಮಾತ್ರ ಭಾಷೆಯ ಹಂಗಿಲ್ಲ. ಅಣ್ಣನ ಮನೆಯಲ್ಲಿ ಇವತ್ತಿಗೂ ಅಂಗಡಿಯ ಬ್ರೆಡ್ಡನ್ನು ಒಲೆಯ ಕಟ್ಟೆಯ ಮೇಲೆ ಇಡುವಂತಿಲ್ಲ. ನಾನು ಮದುವೆಯಾಗದೆ, ಜೂನಿಯರ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತ, ಕೊನೆಯ ವರ್ಷಗಳಲ್ಲಿ ಹಾಸಿಗೆ ಹಿಡಿದ ಅವ್ವನನ್ನು ನೋಡಿಕೊಂಡು ಇದ್ದವಳು. ಬುಧವಾರ ಮಧ್ಯಾಹ್ನ ಅಣ್ಣನ ಹೆಂಡತಿ, ನಮ್ಮ ವೈನಿ, ಅಮೀರ್‌ಪೇಟ್‌ನಿಂದ ಬಂದು ಅವ್ವನ ಹತ್ತಿರ ಮೂರು ತಾಸು ಕೂಡುತ್ತಿದ್ದಳು. ‘ಲೈಬ್ರರಿಗೆ ಹೋಗಿ ಬರ್ತೀನಿ’ ಎಂದು ನಾನು ಚಪ್ಪಲಿ ಮೆಟ್ಟುತ್ತಿದ್ದೆ.

ಮೊದಲ ಸಲ ನಿಜಕ್ಕೂ ಲೈಬ್ರರಿಗೇ ಹೊರಟಿದ್ದೆ. ಹೋಟೆಲಿನ ಬಾಗಿಲಿಂದ ಗವತಿ ಚಹಾದ ಘಮ ಬಂತು. ಊರ ಕಡೆ ಮಜ್ಜಿಗೆ ಹುಲ್ಲು ಅನ್ನುತ್ತಾರಲ್ಲ, ಅದನ್ನು ನಮ್ಮಜ್ಜಿ ಮಣ್ಣಿನ ಕುಂಡದಲ್ಲಿ ಬೆಳೆಸಿ ಚಹಕ್ಕೆ ಹಾಕುತ್ತಿದ್ದಳು. ಆ ಘಮದ ಬೆನ್ನು ಹತ್ತಿ ಒಳಗೆ ಹೋಗಿ ಕೂತೆ. ಗಲ್ಲೆಯ ಮೇಲೆ ದುಡ್ಡು ಎಣಿಸುತ್ತಿದ್ದ ಒಡತಿಗೆ ‘ತರಕಾರಿಯದು ಏನಿದೆ’ ಎಂದು ಹಿಂದಿಯಲ್ಲಿ ಕೇಳಿದೆ. ಆಕೆ ಹಸಿರು ಕರಿ ಮತ್ತು ಅನ್ನ ತರಿಸಿದಳು. ತರಕಾರಿ ಅಂದರೆ ತರಕಾರಿ ಎಂದು ತಿಳಿದು ಉಂಡೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನನ್ನ ಬುಧವಾರಗಳು ಶುರುವಾದವು.

ಮೊದಮೊದಲು ಅಲ್ಲಿಯ ಅಡಿಗೆ ಒಂದು ವಾರ ಇದ್ದಂತೆ ಇನ್ನೊಂದು ವಾರ ಇರುತ್ತಿರಲಿಲ್ಲ. ಒಮ್ಮೆ ಉಪ್ಪು ಜಾಸ್ತಿ, ಒಮ್ಮೆ ಏನೋ ಒಂದು ಕಮಟು. ಆರು ತಿಂಗಳ ಮೇಲೆ ಒಂದು ಬುಧವಾರ ಎಲ್ಲವೂ ಸರಿಯಾಗಿ ಕೂತುಬಿಟ್ಟಿತು. ಕಮಟು ಹೋಗಿತ್ತು. ಉಪ್ಪು ಇದೆ ಎಂದು ಗೊತ್ತೂ ಆಗದ ಹಾಗೆ ಇತ್ತು. ಅಂದಿನಿಂದ ಒಂದು ವಾರವೂ ಕೆಡಲಿಲ್ಲ. ಕಾಲೇಜಿನಲ್ಲಿ ಮೂವತ್ತು ವರ್ಷ ಹನಿ ಹನಿ ಲೆಕ್ಕ ಹಾಕಿ ದ್ರಾವಣ ಮಾಡಿಸಿದವಳು ನಾನು. ಒಳಗೆ ಯಾರೋ ಕೈ ಪಳಗಿದವರು ಬಂದಿದ್ದಾರೆ ಎಂದು ತಿಳಿಯಿತು. ಅಡಿಗೆಮನೆಗೂ ನಮಗೂ ನಡುವೆ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ ಇತ್ತು. ತಟ್ಟೆಗಳು ಅಲ್ಲಿಂದ ಬರುತ್ತಿದ್ದವು. ಹೊರಗಿನವರಿಗೆ ಒಳಗಿನ ಕೈ ಮಾತ್ರ ಕಾಣಿಸುತ್ತಿತ್ತು. ಒಳಗಿನವರಿಗೆ ನಾವೆಲ್ಲ ಪೂರ್ತಿ ಕಾಣಿಸುತ್ತಿದ್ದೆವು ಎಂಬುದು ನನಗೆ ಆಗ ಹೊಳೆಯಲಿಲ್ಲ.

ಕಳೆದ ವರ್ಷ ಅವ್ವ ಹೋದಳು. ಅಣ್ಣ ವರ್ಷ ಪೂರ್ತಿ ನೇಮ ಹಿಡಿದ. ಪರಾನ್ನ ಇಲ್ಲ, ಹೊರಗೆ ಹನಿ ನೀರೂ ಇಲ್ಲ. ನಾನು ಬುಧವಾರ ಬಿಡಲಿಲ್ಲ. ಮಗಳಿಗೆ ಅಷ್ಟೆಲ್ಲ ನೇಮ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಯಾರಾದರೂ ಕೇಳಿದ್ದರೆ ಈ ಮಾತನ್ನು ಗಟ್ಟಿಯಾಗಿ ಹೇಳುವ ಧೈರ್ಯ ನನಗಿರಲಿಲ್ಲ.

ಇನ್ನು ಅಡಿಗಿ ಕಾಕು. ದಿಲ್‌ಸುಖ್‌ನಗರದ ಒಂದೇ ಕೋಣೆಯ ಮನೆಯಲ್ಲಿ ಒಬ್ಬಳೇ ಇರುವ, ಅರವತ್ತರ ಹತ್ತಿರದ ವಿಧವೆ. ಹೈದರಾಬಾದಿನ ನಮ್ಮ ಮಂದಿಯ ಶ್ರಾದ್ಧ, ಮಾಸಿಕಗಳಿಗೆ ಮಡಿಯಲ್ಲಿ ಅಡಿಗೆ ಮಾಡಲು ಇಪ್ಪತ್ತು ವರ್ಷಗಳಿಂದ ಆಕೆಯೇ ಬೇಕು. ತಿಥಿಯ ದಿನ ನಸುಕಿನಲ್ಲಿ ಬಂದು, ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲಿ ಒಲೆಯ ಮುಂದೆ ನಿಂತಳೆಂದರೆ ಬ್ರಾಹ್ಮಣರ ಊಟ ಮುಗಿಯುವ ತನಕ ಮಾತಿಲ್ಲ. ಆಕೆಯನ್ನು ಯಾರೂ ಮುಟ್ಟುವಂತಿಲ್ಲ. ಆಕೆ ಮಾಡಿದ್ದರ ರುಚಿ ನೋಡುವಂತಿಲ್ಲ. ಪಿತೃಗಳಿಗಿಂತ ಮೊದಲು ನಾಲಿಗೆಗೆ ತಾಗಿದರೆ ಅದು ಎಂಜಲು. ಅಷ್ಟು ಮನೆ, ಅಷ್ಟು ವರ್ಷ, ಒಂದು ಸಲವೂ ಉಪ್ಪು ತಪ್ಪಿದ್ದಿಲ್ಲ. ಉಪ್ಪು ಹಾಕುವ ಅವಳ ರೀತಿಯನ್ನು ನಾನು ಪಡಸಾಲೆಯಿಂದ ನೋಡುತ್ತ ನಿಲ್ಲುತ್ತಿದ್ದೆ. ಮುಷ್ಟಿ ತುಂಬ ತೆಗೆದು, ಪಾತ್ರೆಯ ಮೇಲೆ ಕೈ ಹಿಡಿದು ಒಂದು ಗಳಿಗೆ ಕಣ್ಣು ಮುಚ್ಚುತ್ತಾಳೆ. ಆಮೇಲೆ ಹೆಬ್ಬೆರಳಿನಿಂದ ಒಂದಿಷ್ಟನ್ನು ಡಬ್ಬಿಗೇ ಮರಳಿ ನೂಕಿ, ಉಳಿದದ್ದನ್ನು ಬಿಡುತ್ತಾಳೆ.

ಬುಧವಾರ ಮಾತ್ರ ಆಕೆ ಯಾರ ಮನೆಗೂ ಬರುತ್ತಿರಲಿಲ್ಲ. ‘ಆಕಿಗೆ ಬುಧವಾರ ಏನೋ ವ್ರತ ಐತಂತ’ ಎಂದು ವೈನಿ ಹೇಳುತ್ತಿದ್ದಳು. ಎರಡೂವರೆ ವರ್ಷದಿಂದ ಹಿಡಿದ ವ್ರತ. ಯಾವ ದೇವರದು ಎಂದು ನಾವು ಯಾರೂ ವಿಚಾರಿಸಲಿಲ್ಲ. ಬುಧವಾರ ತಿಥಿ ಬಂದ ಮನೆಯವರು ಗೊಣಗಿಕೊಂಡು ಬೇರೆಯವರನ್ನು ಹುಡುಕುತ್ತಿದ್ದರು.

ಅವ್ವನ ವರ್ಷಾಂತಿಕ ಭಾನುವಾರ ಇತ್ತು. ಅದರ ಹಿಂದಿನ ಬುಧವಾರ ನಾನು ಎಂದಿನಂತೆ ಹೋಟೆಲಿನಲ್ಲಿ ಉಂಡು ಕೈ ತೊಳೆಯಲು ಎದ್ದೆ. ಹೊಸ ಫ್ರಿಜ್ ಒಳಗೆ ತರುವುದಕ್ಕೆಂದು ಅಡಿಗೆಮನೆಯ ಬಾಗಿಲನ್ನು ಹಾರು ಹೊಡೆದು ಇಟ್ಟಿದ್ದರು. ನಳದ ಕೆಳಗೆ ಕೈ ಹಿಡಿದು ಸುಮ್ಮನೆ ಆ ಕಡೆ ನೋಡಿದೆ. ಒಲೆಯ ಮುಂದೆ ಬಿಳಿ ಟೊಪ್ಪಿಗೆ, ಏಪ್ರನ್ ಹಾಕಿದ ಒಬ್ಬ ಹೆಂಗಸು. ಮುಷ್ಟಿ ತುಂಬ ಉಪ್ಪು ತೆಗೆದಳು. ಕಣ್ಣು ಮುಚ್ಚಿದಳು. ಹೆಬ್ಬೆರಳಿನಿಂದ ಒಂದಿಷ್ಟು ಮರಳಿ ಡಬ್ಬಿಗೆ ನೂಕಿದಳು.

ಕೈ ಗುರುತು ಸಿಕ್ಕ ಮೇಲೆಯೇ ನಾನು ಮುಖ ನೋಡಿದ್ದು. ಅಡಿಗಿ ಕಾಕು. ಅವಳ ಮುಂದಿನ ಕಡಾಯಿಯಲ್ಲಿ ಕೋಳಿಯ ತುಂಡುಗಳು ಕುದಿಯುತ್ತಿದ್ದವು. ಪಕ್ಕದ ತಟ್ಟೆಯಲ್ಲಿ ಸುಲಿದ ಸೀಗಡಿ. ಆಕೆ ತಲೆಯೆತ್ತಿ ನನ್ನನ್ನು ನೋಡಿದಳು. ಬೆಚ್ಚಲಿಲ್ಲ, ನಾಚಲಿಲ್ಲ, ಒಲೆಯ ಉರಿ ಸಣ್ಣ ಮಾಡಿ ಮತ್ತೆ ನನ್ನನ್ನೇ ನೋಡಿದಳು. ಗರ ಬಡಿದವಳಂತೆ ನಿಂತಿದ್ದವಳು ನಾನು. ನೀರು ನಳದಿಂದ ಸುರಿಯುತ್ತಲೇ ಇತ್ತು.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಕೊಡೆ ಅಲ್ಲೇ ಬಿಟ್ಟಿದ್ದೆ. ಬಂದವಳೇ ಸ್ನಾನ ಮಾಡಿದೆ. ಅವ್ವನ ಫೋಟೋದ ಮುಂದೆ ಕೂತೆ. ವರ್ಷವಿಡೀ ಅವ್ವನ ಮಾಸಿಕಗಳಿಗೆ ಆ ಕೈಯೇ ಅನ್ನ ಬೇಯಿಸಿತ್ತು. ಆ ಅನ್ನದಿಂದಲೇ ಪಿಂಡ ಕಟ್ಟಿದ್ದು. ಅಪ್ಪನ ಶ್ರಾದ್ಧಕ್ಕೂ ಆ ಕೈಯೇ. ನನಗೆ ಸಿಟ್ಟು ಬಂತು, ಅಳು ಬಂತು, ಮೋಸ ಹೋದೆವು ಅನಿಸಿತು. ಅದೇ ಹೋಟೆಲಿನಲ್ಲಿ ನಾನೇನು ಮಾಡುತ್ತಿದ್ದೆ ಎಂಬ ಪ್ರಶ್ನೆ ಅವತ್ತು ಸಂಜೆಯ ತನಕ ನನ್ನ ತಲೆಗೇ ಬರಲಿಲ್ಲ. ಬಂದಾಗ ಸಿಟ್ಟು ಇನ್ನೂ ಏರಿತು.

ಮರುದಿನ ಬೆಳಿಗ್ಗೆ ಕಾಕು ಬಂದಳು. ನನ್ನ ಕೊಡೆ ತಂದಿದ್ದಳು. ಹೊಸ್ತಿಲ ಹೊರಗೇ ನಿಂತು ಅದನ್ನು ಗೋಡೆಗೆ ಆನಿಸಿದಳು.

‘ಭಾನುವಾರ ನಾ ಬರ್ಲೋ ಬ್ಯಾಡೋ, ನೀವ ಹೇಳ್ರಿ,’ ಎಂದಳು.

‘ಎಷ್ಟು ದಿನದಿಂದ ಇದು ಕಾಕು?’

‘ಎರಡೂವರಿ ವರ್ಷ ಆತ್ರಿ. ಮೊದಲಿನ್ಹಂಗ ಮನಿ ಎಲ್ಲಿ ಉಳದಾವ್ರಿ? ಮಕ್ಕಳು ತಿಥಿ ಮಠದಾಗ ರೊಕ್ಕಾ ಕಟ್ಟಿ ಮುಗಸ್ತಾರ. ಅಲ್ಲಿ ಒಲಿ ಐತಿ, ನನಗ ಬರೂದು ಅಡಿಗಿ ಒಂದ. ಹೋಗಾಕತ್ತೀನಿ.’

‘ಕೋಳಿ, ಮೀನು ಮುಟ್ಟಿದ ಕೈಲೆ ನಮ್ಮ ಅವ್ವಗ...’

‘ನಿಮ್ಮ ಒಲಿ ಮುಟ್ಟೂ ಮುಂದ ತಲಿಮ್ಯಾಲೆ ನೀರು ಹಾಕ್ಕೊಂಡಽ ಮುಟ್ಟೀನ್ರಿ. ಮಡಿ ನೀರಿನ್ಯಾಗ ಐತಿ ಅಂತ ನಿಮ್ಮ ತಾಯಿಯವರಽ ಹೇಳ್ತಿದ್ರು.’

‘ಅಲ್ಲಿದು ಬಾಯಾಗ ಹಾಕ್ಕೊಂಡೀಯೇನು?’

‘ನಿಮ್ಮನ್ಯಾಗ ರುಚಿ ನೋಡೀನೇನ್ರಿ? ಅಲ್ಲೂ ನೋಡಿಲ್ಲ. ಒಂದು ಹನಿ ಸೈತ ಇಲ್ಲ. ಅವರಿಗೂ ಹೇಳೇ ಸೇರೀನಿ, ನಾ ರುಚಿ ನೋಡಂಗಿಲ್ಲ, ಬೇಕಾದ್ರ ಇಟ್ಕೋರಿ ಅಂತ.’

ಹೋಟೆಲಿನ ಹೊರಗೆ ಸಾಲು ನಿಲ್ಲುವ ಅಷ್ಟು ಜನರ ನಾಲಿಗೆಗೆ ಹಿಡಿಸಿದ ಆ ಕರಿಯನ್ನು ಮಾಡುವವಳು ಅದು ಹೇಗಿರುತ್ತದೆಂದು ಎಂದೂ ತಿಂದು ನೋಡಿಲ್ಲ. ನಮ್ಮ ಮನೆಯ ತಿಥಿಯ ಸಿಹಿ ಹುಗ್ಗಿಯನ್ನು ಮಾಡಿದ ಹಾಗೆಯೇ ಅದನ್ನೂ ಮಾಡುತ್ತಾಳೆ. ಆ ಕ್ಷಣ ನಾನು ಆಕೆಯನ್ನು ಒಳಗೆ ಕರೆಯಬೇಕಿತ್ತು. ಕರೆಯಲಿಲ್ಲ. ‘ಬಾ ಕಾಕು ಭಾನುವಾರ,’ ಎಂದೆ ಅಷ್ಟೆ. ಆಕೆ ತಲೆಯಾಡಿಸಿ ಹೋದಳು. ನಾನು ಅಲ್ಲಿ ಉಣ್ಣುವ ವಿಷಯ ಆಕೆ ಎತ್ತಲಿಲ್ಲ. ಎತ್ತದೆ ಹೋದದ್ದೇ ನನ್ನನ್ನು ಕಾಡತೊಡಗಿತು. ಇವತ್ತು ಎತ್ತಲಿಲ್ಲ, ನಾಳೆ ಯಾರದೋ ಮನೆಯಲ್ಲಿ ಎತ್ತಿದರೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಯಾರೂ ಅಂದಿರಲೂ ಇಲ್ಲ.

ಆ ಸಂಜೆ ಅಣ್ಣ ಫೋನು ಮಾಡಿ ಬಾಳೆ ಎಲೆ, ದರ್ಭೆ, ಎಳ್ಳು ಎಂದು ಪಟ್ಟಿ ಓದುತ್ತಿದ್ದ. ಕೊನೆಗೆ, ‘ಕಾಕು ಎಷ್ಟೊತ್ತಿಗೆ ಬರ್ತಾಳ?’ ಎಂದು ಕೇಳಿದ. ನನ್ನ ಬಾಯಿಂದ ಬಿದ್ದೇ ಹೋಯಿತು.

‘ಆಕಿ ಹಿಮಾಯತ್‌ನಗರದ ಹೋಟೆಲಿನ್ಯಾಗ ಕೋಳಿ ಅಡಿಗಿ ಮಾಡಾಕತ್ತಾಳ ಅಣ್ಣಾ.’

‘ಯಾರು ಹೇಳಿದ್ರು?’

‘ಕಂಡವರು ಹೇಳಿದ್ರು,’ ಎಂದೆ.

ಅಣ್ಣ ಕೂಗಾಡುವವನಲ್ಲ. ‘ಆತು,’ ಎಂದು ಫೋನಿಟ್ಟ. ಶುಕ್ರವಾರದ ಹೊತ್ತಿಗೆ ನಮ್ಮ ಮಂದಿಯ ಎಲ್ಲ ಮನೆಗಳಿಗೂ ಸುದ್ದಿ ಮುಟ್ಟಿತ್ತು. ಬೇಡವೆಂದು ಕಾಕುವಿಗೆ ಹೇಳುವ ಕೆಲಸವನ್ನು ವೈನಿ ಮಾಡಿದಳು. ನಾನು ಮಾಡಲಿಲ್ಲ. ಕಾಕು ಏನಂದಳು ಎಂದು ವೈನಿಯನ್ನು ಕೇಳಿದೆ. ‘ಆಗ್ಲಿ ಅಂದ್ಳು. ಬ್ಯಾರೆ ಅಡಿಗಿಯವರಿಗೆ ಹೇಳ್ರಿ, ಅವ್ವನವರ ಹುಗ್ಗಿಗೆ ಒಂದು ಹರಳು ಉಪ್ಪು ಬೇಕಾಗ್ತಿತ್ತು ಅಂದ್ಳು. ಮತ್ತೇನೂ ಅನಲಿಲ್ಲ,’ ಎಂದಳು. ಅವ್ವನಿಗೆ ಸಿಹಿಯಲ್ಲಿ ಒಂದು ಹರಳು ಉಪ್ಪು ಬೇಕಾಗುತ್ತಿತ್ತು. ಹೊಟ್ಟೆಯಲ್ಲಿ ಹುಟ್ಟಿದ ನನಗೆ ಅದು ಮರೆತುಹೋಗಿತ್ತು.

ಭಾನುವಾರ ಅಣ್ಣನ ಮನೆಗೆ ಬಂದವರು ಇಬ್ಬರು ಅಡಿಗೆಯವರು. ಒದ್ದೆ ಪಂಚೆ, ಜನಿವಾರ, ಹಣೆಯಲ್ಲಿ ಮುದ್ರೆ, ಬಾಯಲ್ಲಿ ಸ್ತೋತ್ರ. ಅಣ್ಣ ಸಮಾಧಾನದಿಂದ ಪಡಸಾಲೆಯಲ್ಲಿ ಪುರೋಹಿತರ ಎದುರು ಕೂತ. ನಾನು ಎಲೆ ಒರೆಸುತ್ತ ಅಡಿಗೆಮನೆಯ ಬಾಗಿಲ ಹತ್ತಿರ ಇದ್ದೆ. ಇಬ್ಬರಲ್ಲಿ ದೊಡ್ಡವನು ಸೌಟಿನಿಂದ ಸಾರನ್ನು ಅಂಗೈಗೆ ಹನಿಸಿಕೊಂಡ. ಸೊರ್ರೆಂದು ಹೀರಿದ. ನಾಲಿಗೆ ಚಪ್ಪರಿಸಿ, ಅದೇ ಕೈಯಿಂದ ಉಪ್ಪು ತೆಗೆದು ಹಾಕಿದ. ಸ್ತೋತ್ರ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸಿದ.

ನನ್ನ ಕೈಯಲ್ಲಿ ಎಲೆ ಹಾಗೇ ಉಳಿಯಿತು. ಕೂಗಿ ಹೇಳಬೇಕು ಅನಿಸಿತು. ಹೇಳಿದರೆ ಕರ್ಮ ಅಲ್ಲೇ ನಿಲ್ಲುತ್ತದೆ, ಬ್ರಾಹ್ಮಣರು ಏಳುತ್ತಾರೆ, ಅವ್ವನ ವರ್ಷ ಅರ್ಧಕ್ಕೆ ಕೆಡುತ್ತದೆ. ಪಿಂಡದ ಮುಂದೆ ಅಣ್ಣನ ಕಣ್ಣಲ್ಲಿ ನೀರಿತ್ತು. ನಾನು ಎಲೆ ಒರೆಸಿ ಮುಂದೆ ಕೊಟ್ಟೆ. ಎಂಜಲು ಸಾರು ಪಿತೃಗಳಿಗೆ ಹೋಯಿತು. ಉಣ್ಣುವಾಗ ಹುಗ್ಗಿ ಬರೀ ಸಿಹಿ ಇತ್ತು. ಅಣ್ಣ ಒಂದು ತುತ್ತು ಉಂಡು, ‘ಅವ್ವಗ ಇದು ಸೇರ್ತಿದ್ದಿಲ್ಲ,’ ಎಂದ. ಯಾಕೆ ಎಂದು ಅವನಿಗೆ ಗೊತ್ತಿರಲಿಲ್ಲ.

ಮೂರು ದಿನ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಬುಧವಾರ ಮಧ್ಯಾಹ್ನ ಹೋಟೆಲಿಗೆ ಹೋದೆ. ತಪ್ಪಾಯಿತು ಎಂದು ಕಾಕುವಿಗೆ ಹೇಳಲು ಹೋದದ್ದು, ಇದು ನಿಜ. ಆ ಮಾತನ್ನು ಬಾಯಲ್ಲಿ ಜೋಡಿಸುತ್ತ ಸಾಲಿನಲ್ಲಿ ನಿಂತೆ. ನನ್ನ ಮೇಜಿಗೆ ಕೂತೆ. ಊಟದ ಗಲಾಟೆ ಇಳಿದ ಮೇಲೆ ಒಳಗೆ ಹೋಗೋಣ ಎಂದುಕೊಂಡೆ. ಎಂದಿನಂತೆ ಹಸಿರು ಕರಿ, ಅನ್ನ ಬಂತು.

ನಾಲ್ಕು ಚಮಚ ಉಂಡಿರಬೇಕು. ಆ ಹಳೆಯ ಕಮಟು ಗಂಟಲಲ್ಲಿ ಎದ್ದಿತು. ಎರಡೂವರೆ ವರ್ಷದ ಹಿಂದೆ ಮರೆತದ್ದು. ಚಮಚ ಇಟ್ಟು ಗಲ್ಲೆಯ ಕಡೆ ನೋಡಿದೆ. ಒಡತಿ ತಾನೇ ಎದ್ದು ಬಂದಳು. ನನ್ನ ವಯಸ್ಸಿನವಳು, ಗಂಡ ಬ್ಯಾಂಕಾಕಿನಲ್ಲಿ ನೌಕರಿಗಿದ್ದಾಗ ಈ ಅಡಿಗೆ ಕಲಿತವಳು, ಅಪ್ಪಟ ಹೈದರಾಬಾದಿ ಹಿಂದಿ.

‘ಚೆನ್ನಾಗಿಲ್ಲವಾ ಅಮ್ಮಾ?’ ಎಂದು ಕೇಳಿದಳು.

‘ಇವತ್ತು ಏನೋ ಬೇರೆ ಇದೆ.’

‘ಬೇರೆ ಏನಿಲ್ಲ. ಎಲ್ಲರಿಗೂ ಕೊಡುವುದು ಇದೇ. ನಿಮ್ಮದೇ ಇಷ್ಟು ದಿನ ಬೇರೆ ಇತ್ತು,’ ಎಂದು ಆಕೆ ನಕ್ಕಳು. ‘ಕಾಕು ಇವತ್ತು ಬಂದಿಲ್ಲ. ಬೆಳಗಿನಿಂದ ಗಡಿಬಿಡಿ, ಒಳಗೆ ಹೇಳುವುದು ನನಗೆ ನೆನಪಾಗಲಿಲ್ಲ.’

ನನಗೆ ಅರ್ಥವಾಗಲಿಲ್ಲ. ಆಕೆ ಎದುರಿನ ಕುರ್ಚಿ ಎಳೆದು ಕೂತಳು. ‘ನಮ್ಮ ಮಸಾಲೆಯಲ್ಲಿ ಒಣ ಸೀಗಡಿ ಅರೆದಿರುತ್ತದೆ ಅಮ್ಮಾ. ಮೇಲೆ ಮೀನಿನ ರಸ. ತರಕಾರಿಯ ಕರಿಗೂ ಅದೇ ಮಸಾಲೆ. ಮೆನುವಿನ ಕೆಳಗೆ ಬರೆದಿದೆ. ಬೇಡ ಅಂದವರಿಗೆ ಬೇರೆ ಮಾಡಿಕೊಡುತ್ತೇವೆ. ನೀವು ಎಂದೂ ಕೇಳಲಿಲ್ಲ. ಕಾಕು ಕೆಲಸಕ್ಕೆ ಸೇರಿದ ಮೊದಲ ವಾರವೇ ಕಿಂಡಿಯಿಂದ ನಿಮ್ಮನ್ನು ನೋಡಿದಳು. ಒಲೆ ಬಿಟ್ಟು ನನ್ನ ಹತ್ತಿರ ಓಡಿ ಬಂದಳು. ಆ ಅಮ್ಮನಿಗೆ ಇದು ಕೊಡಬೇಡಿ, ನಾನು ಮಾಡುತ್ತೇನೆ ಅಂದಳು. ಮನೆಯಿಂದ ಒಂದು ಸ್ಟೀಲಿನ ಪಾತ್ರೆ, ಒಂದು ಸೌಟು ತಂದಳು. ಅದನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ, ನಾನೂ ಮುಟ್ಟುವ ಹಾಗಿರಲಿಲ್ಲ. ಬೆಳಿಗ್ಗೆ ಬಂದು ಕಲ್ಲು ತೊಳೆದು ನಿಮ್ಮ ಒಬ್ಬರ ಪಾಲಿನ ಮಸಾಲೆ ಅರೆಯುತ್ತಿದ್ದಳು. ಬುಧವಾರದ ಪಾತ್ರೆ ಅಂತ ಒಳಗಿನವರು ತಮಾಷೆ ಮಾಡುತ್ತಿದ್ದರು. ನಿಮಗೆ ಹೇಳಿರಲಿಲ್ಲವಾ? ನೀವು ಅವಳ ಸಂಬಂಧಿಕರು ಅಂದುಕೊಂಡಿದ್ದೆ.’

ನಾನು ತಟ್ಟೆಯನ್ನು ನೋಡುತ್ತ ಕೂತೆ. ಅರವತ್ತೊಂದು ವರ್ಷ ನಾನು ಮೀನು ತಿಂದವಳಲ್ಲ ಎಂದುಕೊಂಡಿದ್ದೆ. ಮೊದಲ ಆರು ತಿಂಗಳು ಪ್ರತಿ ವಾರ ತಿಂದಿದ್ದೆ. ಇವತ್ತು ಮತ್ತೆ ತಿಂದಿದ್ದೆ. ನಡುವಿನ ಎರಡೂವರೆ ವರ್ಷ ಆಕೆ ನನ್ನನ್ನು ಕಾಯ್ದಿದ್ದಳು. ನನ್ನ ಹೊಸ್ತಿಲಲ್ಲಿ ನಿಂತು, ಬರಲೋ ಬೇಡವೋ ಎಂದು ಕೇಳಿದ ದಿನವೂ ಆಕೆ ಇದನ್ನು ಹೇಳಲಿಲ್ಲ. ಒಂದು ಮಾತು ಹೇಳಿದ್ದರೆ ನಾನು ಅವಳ ಕಾಲಿಗೆ ಬೀಳುತ್ತಿದ್ದೆ. ಬಹುಶಃ ಅದಕ್ಕೇ ಹೇಳಲಿಲ್ಲ.

‘ಆ ಪಾತ್ರೆ ಎಲ್ಲಿದೆ?’ ಎಂದು ಕೇಳಿದೆ.

‘ಶನಿವಾರ ಮನೆಗೆ ಒಯ್ದಳು.’

‘ಕಾಕು ಕೆಲಸ ಬಿಟ್ಟಳಾ?’

‘ಬಿಡುವುದೇ? ಇನ್ನು ಮೇಲೆ ದಿನಾ ಬರುತ್ತಾಳಂತೆ. ಮನೆಗಳಿಂದ ಈಗ ಯಾರೂ ಕರೆಯುವುದಿಲ್ಲವಂತೆ ಪಾಪ. ಮೊದಲು ಬುಧವಾರ ಒಂದು ತಪ್ಪಿಸುತ್ತಿರಲಿಲ್ಲ, ಉಳಿದ ದಿನ ಬಿಡುವಿದ್ದರೆ ಬರುತ್ತಿದ್ದಳು. ಈಗ ಉಲ್ಟಾ. ಎಲ್ಲ ದಿನ ಬರುತ್ತೇನೆ, ಬುಧವಾರ ಒಂದು ರಜೆ ಕೊಡಿ ಅಂತಾಳೆ.’ ಒಡತಿ ನನ್ನ ಗ್ಲಾಸಿಗೆ ನೀರು ಹಾಕಿದಳು. ‘ಬುಧವಾರ ನಿಮ್ಮವರಲ್ಲಿ ಏನಾದರೂ ವ್ರತ ಇರುತ್ತದಾ ಅಮ್ಮಾ?’

‘ಹೌದು,’ ಎಂದೆ.

ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಅಂದಿನಿಂದ ಬುಧವಾರ ಮಧ್ಯಾಹ್ನ ನಾನು ಉಣ್ಣುವುದಿಲ್ಲ. ಯಾವ ದೇವರ ವ್ರತ ಎಂದು ವೈನಿ ಎರಡು ಸಲ ಕೇಳಿದ್ದಾಳೆ.